ಸ್ಪ್ಯಾಮ್: ಬೇಡದ ಮೇಲ್‌ಗಳ ಹೊರೆ ಮತ್ತು ಕಂಪ್ಲಿ–ಹೊಸಪೇಟೆ ಸೀಮೆಯ ಇ-ಮೇಲ್ ಬಳಕೆ

ಕೇಳದವರಿಗೆ, ಒಪ್ಪಿಗೆ ಕೊಡದವರಿಗೆ, ಒಂದೇ ಒಕ್ಕಣೆಯನ್ನು ಲಕ್ಷಗಟ್ಟಲೆ ವಿಳಾಸಗಳಿಗೆ ಒಮ್ಮೆಲೇ ಕಳಿಸುವ ಇ-ಮೇಲಿಗೆ ಸ್ಪ್ಯಾಮ್ ಎನ್ನುತ್ತಾರೆ. ಗುಳಿಗೆ, ಸಾಲ, ಷೇರು, ಜೂಜಿನ ಜಾಹೀರಾತು. ಲಾಟರಿ ಹೊಡೆದಿದೆ ಎಂಬ ಸುಳ್ಳು. ಬ್ಯಾಂಕು ಅಥವಾ ಆದಾಯ ತೆರಿಗೆ ಇಲಾಖೆಯ ವೇಷ ಹಾಕಿದ ವಂಚನೆ. ವೈರಸ್ ಹೊತ್ತ ಫೈಲು: ಎಲ್ಲವೂ ಇದರ ಬಗೆಗಳೇ. ಯಾವುದೋ ಆ್ಯಪಿನಲ್ಲಿ ಒಮ್ಮೆ ಸೀರೆ ಕೊಂಡದ್ದಕ್ಕೆ ವರ್ಷಗಟ್ಟಲೆ ಬೆನ್ನು ಹತ್ತುವ ರಿಯಾಯಿತಿಯ ಮೇಲ್‌ಗಳು ಕಟ್ಟುನಿಟ್ಟಾದ ಲೆಕ್ಕದಲ್ಲಿ ಸ್ಪ್ಯಾಮ್ ಅಲ್ಲ. ಕೊಳ್ಳುವಾಗ ಎಲ್ಲೋ ಒಂದು ಚೌಕದಲ್ಲಿ ನಾವೇ ಟಿಕ್ ಒತ್ತಿರುತ್ತೇವೆ. ತಂತ್ರಜ್ಞರಿಗೆ ಮುಖ್ಯವಾದ ಈ ಭೇದ ಪಡೆಯುವವರಿಗೆ ಕಾಣುವುದೇ ಇಲ್ಲ. ಅವರಿಗೆ ಎರಡೂ ಕಸವೇ.

ಸ್ಪ್ಯಾಮಿನ ಹಾನಿಯನ್ನು ಸಾಮಾನ್ಯವಾಗಿ ಅದು ನುಂಗುವ ಹೊತ್ತು ಮತ್ತು ದೋಚುವ ಹಣದಿಂದ ಅಳೆಯುತ್ತಾರೆ. ಕಂಪ್ಲಿ, ಹೊಸಪೇಟೆ, ಹಂಪಿ, ಸಂಡೂರುಗಳ ಕಡೆ ನೋಡಿದರೆ ಅಳತೆ ಬದಲಾಗುತ್ತದೆ. ಇಲ್ಲಿ ಮೊಬೈಲ್ ಇರುವ ಬಹುತೇಕ ಎಲ್ಲರಿಗೂ ಒಂದು ಮೇಲ್ ಐಡಿ ಇದೆ. ಅದನ್ನು ತೆರೆದು ಓದುವವರು ಕಡಿಮೆ. ಕಸ ತುಂಬಿದ ಪೆಟ್ಟಿಗೆಗೆ ಕೈ ಹಾಕುವುದನ್ನೇ ಜನ ಬಿಟ್ಟರು, ಅದರೊಳಗೆ ಬಂದ ನಿಜವಾದ ಪತ್ರವೂ ಓದದೆ ಉಳಿಯಿತು. ದೊಡ್ಡ ನಷ್ಟ ಇದು.

ಕಾಗದದ ಕಾಲ

ಬೇಡದ ಪತ್ರ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ಭಾರತದಲ್ಲಿ ಪೋಸ್ಟ್ ಕಾರ್ಡ್ 1879ರಲ್ಲಿ ಕಾಲಾಣೆ ಬೆಲೆಗೆ ಶುರುವಾಯಿತು. ಹಿಂದಿನ ತಲೆಮಾರಿನವರಿಗೆ ದೇವರ ಹೆಸರಿನಲ್ಲಿ ಬರುತ್ತಿದ್ದ ಸರಣಿ ಕಾರ್ಡುಗಳು ಚೆನ್ನಾಗಿ ನೆನಪಿವೆ. ದೇವಸ್ಥಾನದಲ್ಲಿ ಹಾವು ಬಂದು ಮಾತಾಡಿತು, ಇದನ್ನು ಇಷ್ಟು ಜನರಿಗೆ ಬರೆದು ಕಳಿಸಿದವರಿಗೆ ಹಣ ಬಂತು, ಹರಿದೆಸೆದವರ ಮನೆಯಲ್ಲಿ ಕೇಡಾಯಿತು ಎಂಬ ಧಾಟಿಯ ಒಕ್ಕಣೆ. ಕೆಳಗೆ ಸಹಿ ಇಲ್ಲ. ಅಂಜಿದ ಮನೆಯವರು ಮಕ್ಕಳನ್ನು ಕೂರಿಸಿ ಕಾರ್ಡು ಬರೆಸುತ್ತಿದ್ದರು. ಆಸೆ ಮತ್ತು ಹೆದರಿಕೆಯನ್ನು ಒಟ್ಟಿಗೆ ಹೂಡುವ ಈ ವಿದ್ಯೆಯೇ ಇಂದಿನ ವಂಚನೆಯ ಮೇಲಿನಲ್ಲೂ ಇದೆ. ಆದರೆ ಕಾರ್ಡಿಗೆ ಕಾಸು ಬೇಕಿತ್ತು, ಬರೆಯುವ ಕೈ ನೋಯುತ್ತಿತ್ತು. ಇಪ್ಪತ್ತು ಕಾರ್ಡು ಬರೆಯುವಷ್ಟರಲ್ಲಿ ಎಂಥ ಭಕ್ತಿಯೂ ಸಡಿಲವಾಗುತ್ತಿತ್ತು ಅನ್ನಿ. ಕಳಿಸುವವನೇ ಖರ್ಚು ಹೊರಬೇಕೆಂಬ ಈ ಸಣ್ಣ ತಡೆ ಇ-ಮೇಲಿನಲ್ಲಿ ಇಲ್ಲವಾಯಿತು. ಅಲ್ಲಿ ಒಂದು ಕಳಿಸಲು ತಗಲುವ ಖರ್ಚಿಗೂ ಹತ್ತು ಲಕ್ಷ ಕಳಿಸಲು ತಗಲುವ ಖರ್ಚಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ತೆರೆಯುವ, ಆರಿಸುವ, ಅಳಿಸುವ ದುಡಿಮೆಯೆಲ್ಲ ಪಡೆದವರ ತಲೆಗೆ ಬಂತು.

ಹುಟ್ಟು ಮತ್ತು ಹರಡಿಕೆ

ರೇ ಟಾಮ್ಲಿನ್‌ಸನ್ 1971ರಲ್ಲಿ ಎರಡು ಕಂಪ್ಯೂಟರುಗಳ ನಡುವೆ ಮೊದಲ ಮೇಲ್ ಕಳಿಸಿದ ನಾಲ್ಕೇ ವರ್ಷಕ್ಕೆ, 1975ರ ನವೆಂಬರಿನಲ್ಲಿ, ಇಂಟರ್‌ನೆಟ್ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ ಬೇಡದ ಮೇಲಿನ ಸಮಸ್ಯೆಯ ಬಗ್ಗೆ ಒಂದು ಟಿಪ್ಪಣಿ ಬರೆದಿದ್ದರು. ಬೇಡವಾದವರಿಂದ ಬರುವ ಮೇಲನ್ನು ತಡೆಯುವ ಏರ್ಪಾಡು ಜಾಲದಲ್ಲಿಲ್ಲ ಎಂಬುದು ಅದರ ತಿರುಳು. 1978ರ ಮೇ ತಿಂಗಳಲ್ಲಿ ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥುಯೆರ್ಕ್ ತಮ್ಮ ಹೊಸ ಯಂತ್ರದ ಪ್ರಚಾರಕ್ಕೆ ಇಂದಿನ ಇಂಟರ್‌ನೆಟ್ಟಿನ ಹಿಂದಿನ ರೂಪವಾದ ಆರ್ಪಾನೆಟ್‌ನ ಸುಮಾರು 400 ಬಳಕೆದಾರರಿಗೆ ಒಟ್ಟಿಗೆ ಮೇಲ್ ಕಳಿಸಿದರು. ಬೈಗುಳವೂ ಬಂತು, ವ್ಯಾಪಾರವೂ ಆಯಿತು. ಮೊದಲ ಸ್ಪ್ಯಾಮ್ ಎಂದು ಎಲ್ಲರೂ ಬೆರಳು ತೋರುವುದು ಇದರತ್ತ. 1994ರ ಏಪ್ರಿಲಿನಲ್ಲಿ ಅಮೆರಿಕದ ವಕೀಲ ದಂಪತಿ ಕ್ಯಾಂಟರ್ ಮತ್ತು ಸೀಗಲ್ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಸಾವಿರಾರು ಚರ್ಚಾ ಗುಂಪುಗಳಿಗೆ ಸುರಿದರು. ಆಮೇಲೆ ಇದೊಂದು ದಂಧೆಯೇ ಆಯಿತು.

ಈ ಕಥೆಯಲ್ಲಿ ಬೆಂಗಳೂರಿನ ನಂಟೂ ಇದೆ. 1996ರ ಜುಲೈ 4ರಂದು ಜ್ಯಾಕ್ ಸ್ಮಿತ್ ಜೊತೆ ಹಾಟ್‌ಮೇಲ್ ಶುರುಮಾಡಿದ ಸಬೀರ್ ಭಾಟಿಯಾ ಓದಿದ್ದು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ. ಯಾವ ಕಂಪ್ಯೂಟರಿನಲ್ಲಾದರೂ ಕೂತು ಪುಕ್ಕಟೆ ಮೇಲ್ ನೋಡಬಹುದೆಂಬ ಅವರ ಏರ್ಪಾಡಿನಿಂದಲೇ ಹಂಪಿ ಬಜಾರಿನ ಇಂಟರ್‌ನೆಟ್ ಅಂಗಡಿಗಳು ನಡೆದವು. ಈ ಶತಮಾನದ ಮೊದಲ ವರ್ಷಗಳಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬೀದಿಯಲ್ಲೂ ಹೊಳೆಯಾಚೆಯ ವಿರೂಪಾಪುರ ಗಡ್ಡೆಯಲ್ಲೂ ವಿದೇಶಿ ಪ್ರವಾಸಿಗರು ಗಂಟೆಗಿಷ್ಟೆಂದು ಕೊಟ್ಟು ಮನೆಗೆ ಮೇಲ್ ಬರೆಯುತ್ತಿದ್ದರು. ಊರಿನ ಹುಡುಗರು ಇ-ಮೇಲ್ ಎಂಬುದನ್ನು ಮೊದಲು ಕಂಡದ್ದು ಅವರ ಭುಜದ ಹಿಂದೆ ನಿಂತು. ಪುಕ್ಕಟೆ ಖಾತೆ ಎಲ್ಲರಿಗೂ ಸಿಕ್ಕಿತು. ಸ್ಪ್ಯಾಮ್ ಕಳಿಸುವವನಿಗೂ ಸಿಕ್ಕಿತು.

ಮೂಲದಲ್ಲೇ ಒಂದು ದೋಷವಿತ್ತು. 1982ರಲ್ಲಿ ಪೋಸ್ಟೆಲ್ ಅವರೇ ಬರೆದ ಎಸ್‌ಎಂಟಿಪಿ ಎಂಬ ನಿಯಮಾವಳಿಯಂತೆ ಇಂದಿಗೂ ಮೇಲ್ ಸಾಗುತ್ತದೆ. ಪರಸ್ಪರ ಗೊತ್ತಿರುವ ಸಂಶೋಧಕರಿಗೆಂದು ಮಾಡಿದ ಈ ನಿಯಮದಲ್ಲಿ ಕಳಿಸುವವರ ಹೆಸರನ್ನು ಪರಿಶೀಲಿಸುವ ಕ್ರಮವಿರಲಿಲ್ಲ. ಲಕೋಟೆಯ ಮೂಲೆಯಲ್ಲಿ "ಇಂದ" ಎಂದು ಯಾರ ವಿಳಾಸ ಬರೆದರೂ ಅಂಚೆಯವನು ಕೇಳುವುದಿಲ್ಲವಲ್ಲ, ಹಾಗೆ. ಬ್ಯಾಂಕಿನ ವಿಳಾಸದಿಂದಲೇ ಬಂದಂತೆ ತೋರುವ ಮೇಲ್ ಬ್ಯಾಂಕಿನದ್ದೇ ಆಗಿರಬೇಕಿಲ್ಲ. ಈ ತೂತು ಮುಚ್ಚಲು ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಬಗೆಯ ಗುರುತು ಪರೀಕ್ಷೆಗಳು ಆಮೇಲೆ ಬಂದವು. ಅವು ಬೇಕೋ ಬೇಡವೋ ಎಂಬುದು ಬಹುಕಾಲ ಕಳಿಸುವವರ ಇಚ್ಛೆಗೇ ಬಿಟ್ಟದ್ದಾಗಿತ್ತು.

ಲಾಭ ಎಲ್ಲಿದೆ ಎಂದು ಕೇಳಿದರೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಅದಕ್ಕೆ ಉತ್ತರ ಕೊಡುತ್ತದೆ. ಸ್ಟಾರ್ಮ್ ಎಂಬ ಸ್ಪ್ಯಾಮ್ ಜಾಲದೊಳಗೆ ತೂರಿಕೊಂಡು ಅವರು ಲೆಕ್ಕ ಹಾಕಿದರು: 26 ದಿನ, ಹತ್ತಿರಹತ್ತಿರ 35 ಕೋಟಿ ಮೇಲ್, ಕುದುರಿದ ವ್ಯಾಪಾರ 28. ಯಾವ ಅಂಗಡಿಯವನೂ ಇಂಥ ಲೆಕ್ಕಕ್ಕೆ ಬಾಗಿಲು ತೆರೆದಿಡಲಾರ. ಕಳಿಸಲು ಖರ್ಚೇ ಇಲ್ಲದವನಿಗೆ ಮಾತ್ರ ಇದು ಗಿಟ್ಟುತ್ತದೆ. ಮೇಲ್ ಕಳಿಸುತ್ತಿದ್ದ ಕಂಪ್ಯೂಟರುಗಳೂ ಅವನವಲ್ಲ. ವೈರಸ್ ತಗಲಿಸಿ ಕದ್ದು ಬಳಸುತ್ತಿದ್ದ ಬೇರೆಯವರ ಕಂಪ್ಯೂಟರುಗಳು. 2008ರ ನವೆಂಬರಿನಲ್ಲಿ ಇಂಥ ಜಾಲಗಳ ಸರ್ವರುಗಳನ್ನು ಇಟ್ಟುಕೊಂಡಿದ್ದ ಅಮೆರಿಕದ ಮೆಕೋಲೋ ಎಂಬ ಒಂದೇ ಕಂಪನಿಯ ಸಂಪರ್ಕ ಕಿತ್ತಾಗ ಜಗತ್ತಿನ ಸ್ಪ್ಯಾಮ್ ಒಮ್ಮೆಲೇ ಅರ್ಧಕ್ಕಿಂತ ಕೆಳಗಿಳಿದು, ಕೆಲವು ತಿಂಗಳಲ್ಲಿ ಮತ್ತೆ ಮೇಲೇರಿತು. 2012ರ ಮೊದಲ ಮೂರು ತಿಂಗಳಲ್ಲಿ ಸೋಫೋಸ್ ಎಂಬ ಭದ್ರತಾ ಕಂಪನಿಯ ಪಟ್ಟಿಯಲ್ಲಿ ಸ್ಪ್ಯಾಮ್ ರವಾನೆಯಲ್ಲಿ ಮೊದಲ ಸ್ಥಾನ ಭಾರತಕ್ಕೆ ಸಿಕ್ಕಿತ್ತು, ಶೇ. 9.3. ನಾವು ಬರೆದದ್ದಲ್ಲ, ಹೊಸದಾಗಿ ಇಂಟರ್‌ನೆಟ್ಟಿಗೆ ಬಂದ ನಮ್ಮ ಕಂಪ್ಯೂಟರುಗಳು, ಆ್ಯಂಟಿವೈರಸ್ ಇಲ್ಲದೆ, ಕಳ್ಳ ವಿಂಡೋಸ್ ಹಾಕಿಸಿಕೊಂಡು, ಯಾರದೋ ಮೇಲನ್ನು ಸಾಗಿಸುತ್ತಿದ್ದವು.

2010ರ ಸುಮಾರಿಗೆ ಜಗತ್ತಿನ ಮೇಲ್‌ಗಳಲ್ಲಿ ಸ್ಪ್ಯಾಮಿನ ಪಾಲು ಶೇ. 80ರಿಂದ 90ರವರೆಗೆ ಇತ್ತು. ಈಗ ಕ್ಯಾಸ್ಪರ್‌ಸ್ಕಿ ಕಂಪನಿಯ ಲೆಕ್ಕದಲ್ಲಿ ಅರ್ಧದೊಳಗಿದೆ, 2024ರಲ್ಲಿ ಶೇ. 47ರಷ್ಟು.

ಬಳಕೆಯ ಮೇಲಿನ ಪರಿಣಾಮ

ಸ್ಪ್ಯಾಮಿನಿಂದ ಜನ ಇ-ಮೇಲನ್ನೇ ಬಿಡುತ್ತಾರೆಯೇ ಎಂದು ಮೊದಲು ಗಟ್ಟಿಯಾಗಿ ಕೇಳಿದ್ದು ಅಮೆರಿಕದ ಪ್ಯೂ ಸಂಸ್ಥೆ. ಅದರ 2003ರ ಸಮೀಕ್ಷೆಯಲ್ಲಿ ಇ-ಮೇಲ್ ಬಳಸುವವರಲ್ಲಿ ಶೇ. 25ರಷ್ಟು ಮಂದಿ ಸ್ಪ್ಯಾಮಿನಿಂದಾಗಿ ಬಳಕೆ ಕಡಿಮೆ ಮಾಡಿದ್ದೇವೆ ಎಂದರು, ಶೇ. 52ರಷ್ಟು ಜನಕ್ಕೆ ಒಟ್ಟಾರೆ ಇ-ಮೇಲಿನ ಮೇಲಿನ ನಂಬಿಕೆ ಕುಂದಿತ್ತು. ಬಳಕೆ ಕಡಿಮೆ ಮಾಡಿದವರ ಪಾಲು ಮರುವರ್ಷ 29ಕ್ಕೆ ಏರಿ 2005ರಲ್ಲಿ 22ಕ್ಕೆ ಇಳಿಯಿತು. ಸ್ಪ್ಯಾಮ್ ಕಡಿಮೆಯಾಗಿ ಅಲ್ಲ, ಜನ ಒಗ್ಗಿಕೊಂಡು. 2004ರ ಜನವರಿಯಲ್ಲಿ ಎರಡು ವರ್ಷದಲ್ಲಿ ಸ್ಪ್ಯಾಮಿನ ಕಥೆ ಮುಗಿಯುತ್ತದೆ ಎಂದು ಬಿಲ್ ಗೇಟ್ಸ್ ಭವಿಷ್ಯ ನುಡಿದಿದ್ದರು; ಅದನ್ನು ಈಗ ನಗೆಗಾಗಿ ನೆನೆಯುತ್ತಾರೆ.

ಅಮೆರಿಕದವರು ಹತ್ತು ವರ್ಷ ಇ-ಮೇಲ್ ಬಳಸಿ ರೂಢಿಯಾದ ಮೇಲೆ ಸ್ಪ್ಯಾಮಿಗೆ ಬೇಸತ್ತರು. ಕಂಪ್ಲಿ ಸೀಮೆಯಲ್ಲಿ ಆ ರೂಢಿ ಆಗುವ ಮೊದಲೇ ಪೆಟ್ಟಿಗೆ ತುಂಬಿತ್ತು. ಸೈಬರ್ ಕೆಫೆಯ ಕಾಲದಲ್ಲಿ ಖಾತೆ ತೆರೆದವರು ಕೆಲವೇ ಜನ: ಇಂಜಿನಿಯರಿಂಗ್ ಹುಡುಗರು, ಮೇಷ್ಟ್ರುಗಳು, ಗಣಿ ಕಂಪನಿಗಳ ಗುಮಾಸ್ತರು. ಉಳಿದವರಿಗೆ ಮೇಲ್ ಐಡಿ ಬಂದದ್ದು ಆಂಡ್ರಾಯ್ಡ್ ಫೋನಿನ ಜೊತೆ. ಹೊಸ ಫೋನಿನಲ್ಲಿ ಪ್ಲೇ ಸ್ಟೋರ್ ಬಳಸಬೇಕೆಂದರೆ ಜಿಮೇಲ್ ಖಾತೆ ಬೇಕು; ಮೊಬೈಲ್ ಅಂಗಡಿಯ ಹುಡುಗನೇ ಹೆಸರಿನ ಮುಂದೆ ನಾಲ್ಕು ಅಂಕಿ ಸೇರಿಸಿ ಒಂದು ಖಾತೆ ತೆರೆದು ಕೊಡುತ್ತಾನೆ. ಪಾಸ್‌ವರ್ಡ್ ಅವನಿಗೇ ನೆನಪಿದ್ದರೆ ಉಂಟು. ಯಾರಿಗಾದರೂ ಪತ್ರ ಬರೆಯಲೆಂದು ಆ ಖಾತೆ ಹುಟ್ಟಿದ್ದಲ್ಲ, ಫೋನಿನ ಬೀಗ ತೆರೆಯಲೆಂದು.

ಎರಡನೆಯ ದಾರಿ ಆನ್‌ಲೈನ್ ಸೆಂಟರು. 2006ರಿಂದ ಹೋಬಳಿಗಳಲ್ಲಿ ನೆಮ್ಮದಿ ಕೇಂದ್ರಗಳು ಬಂದವು, ಆಮೇಲೆ ಗ್ರಾಮ ಒನ್. ಅವುಗಳ ಜೊತೆಗೇ ಜೆರಾಕ್ಸ್ ಅಂಗಡಿಗಳು ಅರ್ಜಿ ತುಂಬುವ ಅಂಗಡಿಗಳಾದವು. ಪಾನ್ ಕಾರ್ಡು, ಸ್ಕಾಲರ್‌ಶಿಪ್, ಸಿಇಟಿ, ಪಿಎಫ್, ಯಾವ ಅರ್ಜಿಯಲ್ಲಾದರೂ ಇ-ಮೇಲಿಗೆ ಒಂದು ಖಾನೆ ಇರುತ್ತದೆ. ಕಂಪ್ಲಿಯ ಭತ್ತದ ರೈತರೊಬ್ಬರು ಅರ್ಜಿಗೆ ಕೂತರೆ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ:

"ಯಜಮಾನ್ರೆ, ಮೇಲ್ ಐಡಿ ಐತೇನ್ರಿ?"

"ಅವೆಲ್ಲ ನಮಗೇನು ತಿಳೀತಾವಪ್ಪಾ, ನಿಂದೇ ಒಂದು ಹಾಕು."

ಹಾಕುತ್ತಾನೆ. ಅಂಗಡಿಯ ಒಂದೇ ಖಾತೆ ಹತ್ತಾರು ಜನರ ಅರ್ಜಿಗೆ ವಿಳಾಸವಾಗುತ್ತದೆ. ಓಟಿಪಿ ಬಂದ ಆ ಐದು ನಿಮಿಷ ಅದು ಪತ್ರದ ಪೆಟ್ಟಿಗೆ. ಮುಂದೆ ಅರ್ಜಿ ತಿರಸ್ಕೃತವಾಗಿದೆ, ಈ ದಾಖಲೆ ಇಂಥ ತಾರೀಕಿನೊಳಗೆ ಕೊಡಿ ಎಂದು ಇಲಾಖೆ ಕಳಿಸುವ ಮೇಲ್ ನೂರಾರು ಜಾಹೀರಾತುಗಳ ನಡುವೆ ಅಲ್ಲೇ ಕೂರುತ್ತದೆ. ರೈತರಿಗೆ ತಿಳಿಯುವುದು ತಾರೀಕು ಕಳೆದ ಮೇಲೆ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ. "ನಿಮಗೆ ಮೇಲ್ ಹಾಕಿದ್ವಲ್ರಿ" ಎನ್ನುವ ಉತ್ತರ ಕಾಗದದ ಮೇಲೆ ಸರಿಯಾಗಿಯೇ ಇರುತ್ತದೆ. ಸರ್ಕಾರಿ ಕಚೇರಿಗಳು ಇ-ಮೇಲನ್ನು ತಲುಪಿಸಿದ್ದಕ್ಕೆ ಪುರಾವೆ ಎಂದು ಎಣಿಸುವುದು ಈ ಸೀಮೆಯ ಮಟ್ಟಿಗೆ ತಪ್ಪು ಎಣಿಕೆ ಎಂಬುದು ಈ ಲೇಖಕರ ಅಭಿಪ್ರಾಯ.

ಓದದ ಪೆಟ್ಟಿಗೆಗೆ ಇನ್ನೂ ಎರಡು ಅಪಾಯಗಳಿವೆ. ಪುಕ್ಕಟೆ ಗೂಗಲ್ ಖಾತೆಗೆ ಇರುವುದು 15 ಜಿಬಿ ಜಾಗ. ಮೇಲ್, ಫೋಟೊ, ಡ್ರೈವ್ ಮೂರಕ್ಕೂ ಸೇರಿ. 2024ರಿಂದ ಆಂಡ್ರಾಯ್ಡ್ ಫೋನುಗಳ ವಾಟ್ಸ್‌ಆ್ಯಪ್ ಬ್ಯಾಕಪ್ಪೂ ಅದೇ ಲೆಕ್ಕಕ್ಕೆ ಸೇರಿತು. ಮದುವೆ ವಿಡಿಯೊ, ಶುಭೋದಯದ ಚಿತ್ರ, ಅಳಿಸದೆ ಬಿಟ್ಟ ಜಾಹೀರಾತುಗಳು ಸೇರಿ ಜಾಗ ಮುಗಿದರೆ ಹೊಸ ಮೇಲ್ ಒಳಗೆ ಬರುವುದೇ ಇಲ್ಲ, ಕಳಿಸಿದವರಿಗೆ ವಾಪಸಾಗುತ್ತದೆ. ಎರಡನೆಯದು, ಎರಡು ವರ್ಷ ಯಾರೂ ಮುಟ್ಟದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಫೋನು ಬದಲಾಯಿಸಿದಾಗಲೆಲ್ಲ ಹೊಸ ಐಡಿ ಮಾಡಿಸಿಕೊಂಡವರ ಹಳೆಯ ಖಾತೆ, ಪಿಎಫ್ ಕಡತದಲ್ಲಿ ಇನ್ನೂ ಬರೆದಿರುವಂಥದ್ದು, ಹೀಗೆ ಇಲ್ಲವಾಗಬಹುದು.

ಓದಲೇಬೇಕಾದವರು

ಇ-ಮೇಲನ್ನು ಬಿಡಲಾಗದವರ ಪಾಡು ಬೇರೆ. ಹಂಪಿ, ಕಮಲಾಪುರ, ಆನೆಗೊಂದಿ ಕಡೆಯ ಹೋಮ್‌ಸ್ಟೇ ಮತ್ತು ಲಾಡ್ಜುಗಳಿಗೆ ಅಪರಿಚಿತರ ಮೇಲೇ ಅನ್ನ. ಗುರುತಿಲ್ಲದವರ ಮೇಲ್ ತೆರೆಯಬೇಡಿ ಎಂಬ ಭದ್ರತಾ ಪಾಠ ಅವರಿಗೆ ಯಾವ ಉಪಯೋಗಕ್ಕೂ ಬಾರದು. ಇಸ್ರೇಲಿನಿಂದಲೋ ಫ್ರಾನ್ಸಿನಿಂದಲೋ ಡಿಸೆಂಬರಿನ ರೂಮು ಕೇಳುವವರು ಗುರುತಿಲ್ಲದವರೇ. ವಂಚಕರಿಗೆ ಇದು ಗೊತ್ತು. ಬುಕಿಂಗ್ ಡಾಟ್ ಕಾಮ್ ಹೆಸರಿನಲ್ಲಿ ಹೋಟೆಲುಗಳಿಗೆ ಮೇಲ್ ಬರುತ್ತದೆ: ಅತಿಥಿಯೊಬ್ಬರು ನಿಮ್ಮ ಮೇಲೆ ಕೆಟ್ಟ ಅಭಿಪ್ರಾಯ ಬರೆದಿದ್ದಾರೆ, ಈ ಕೊಂಡಿ ಒತ್ತಿ ಉತ್ತರಿಸಿ. ಒತ್ತಿದರೆ ನಾನು ರೋಬೋ ಅಲ್ಲ ಎಂಬ ಪರೀಕ್ಷೆಯಂಥ ಒಂದು ಪುಟ ತೆರೆದು, ಕೀಬೋರ್ಡಿನಲ್ಲಿ ಇಂಥಿಂಥ ಕೀ ಒತ್ತಿ ಎನ್ನುತ್ತದೆ. ಒತ್ತಿದವರು ತಮ್ಮ ಕೈಯಾರೆ ಕಳ್ಳ ಸಾಫ್ಟ್‌ವೇರನ್ನು ಒಳಗೆ ಬಿಟ್ಟುಕೊಂಡಂತೆ. 2024ರ ಡಿಸೆಂಬರಿನಿಂದ ನಡೆದ ಈ ದಾಳಿಯನ್ನು ಮೈಕ್ರೋಸಾಫ್ಟ್ 2025ರ ಮಾರ್ಚಿನಲ್ಲಿ ವಿವರವಾಗಿ ಪ್ರಕಟಿಸಿತು. ಗುರಿಯಾದ ಪ್ರದೇಶಗಳಲ್ಲಿ ದಕ್ಷಿಣ ಏಷ್ಯಾವೂ ಇತ್ತು. ಸೀಸನ್ನಿನಲ್ಲಿ ಒಂದು ಕೆಟ್ಟ ರಿವ್ಯೂ ಎಂದರೆ ಲಾಡ್ಜಿನ ಮಾಲೀಕರ ಎದೆ ಹಾರುತ್ತದೆ. ಆ ಅಂಜಿಕೆಗೇ ಬಲೆ ಹೂಡಿದ್ದು. ಹಾಗಾಗಿ ಹಲವರು ಮೇಲ್ ಬದಿಗಿಟ್ಟು ವಾಟ್ಸ್‌ಆ್ಯಪಿನಲ್ಲೇ ರೂಮು ಮಾತಾಡುತ್ತಾರೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಸಂಡೂರಿನ ಲಂಬಾಣಿ ಕಸೂತಿಯಂಥ ಕೈಕೆಲಸಕ್ಕೂ ಇದೇ ಇಕ್ಕಟ್ಟು. ಹೊರದೇಶದಿಂದ ದೊಡ್ಡ ಆರ್ಡರು ಕೇಳಿ ಬಂದ ಮೇಲ್ ಗಿರಾಕಿಯದೋ ಗಾಳವೋ ತೆರೆಯದೆ ತಿಳಿಯದು.

ಸಂಡೂರು–ತೋರಣಗಲ್ಲು ಕಡೆ ಅದಿರು, ಉಕ್ಕು, ಲಾರಿಗಳ ವ್ಯವಹಾರ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅದಿರು ಮಾರಾಟ ಇ-ಹರಾಜಿಗೆ ಹೋಯಿತು. 2022ರಲ್ಲಿ ಆ ಕಡ್ಡಾಯ ತೆಗೆಯುವವರೆಗೂ ಅದೇ ದಾರಿ. ಸರ್ಕಾರಿ ಟೆಂಡರುಗಳಂತೂ 2007ರ ಸುಮಾರಿನಿಂದಲೇ ಇ-ಪ್ರೊಕ್ಯೂರ್‌ಮೆಂಟಿಗೆ ಬಂದಿದ್ದವು. ಗುತ್ತಿಗೆದಾರರಿಗೂ ಬಿಡಿಭಾಗ ಸರಬರಾಜು ಮಾಡುವವರಿಗೂ ಮೇಲ್ ಇಲ್ಲದೆ ಬದುಕಿಲ್ಲ. ಇಂಥವರ ಮೇಲೆ ನಡೆಯುವ ವಂಚನೆಯಲ್ಲಿ ಸಾವಿರಾರು ಮೇಲ್ ಬೇಕಿಲ್ಲ, ಒಂದು ಸಾಕು: ದಿನವೂ ವ್ಯವಹರಿಸುವ ಪಾರ್ಟಿಯ ಹೆಸರಿನಲ್ಲಿ, ವಿಳಾಸದ ಒಂದಕ್ಷರ ಮಾತ್ರ ಬೇರೆ ಇರುವ, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಿಲ್ಲಿನ ಹಣ ಇಲ್ಲಿಗೆ ಹಾಕಿ" ಎಂಬ ಮೇಲ್. ಅಮೆರಿಕದಲ್ಲಿ ಈ ಒಂದೇ ಬಗೆಯ ವಂಚನೆಯಿಂದ 2023ರಲ್ಲಿ ಕಳೆದುಹೋದದ್ದು ಸುಮಾರು 290 ಕೋಟಿ ಡಾಲರ್ ಎಂದು ಎಫ್‌ಬಿಐ ಹೇಳಿದೆ. ಖಾತೆ ಸಂಖ್ಯೆ ಬದಲಾಯಿತೆಂದರೆ ಫೋನು ಮಾಡಿ ಧ್ವನಿ ಕೇಳಿಯೇ ಹಣ ಹಾಕುವ ನಮ್ಮ ಹಳೆಯ ಪೇಟೆಯ ರೂಢಿ ಇದಕ್ಕೆ ಇಂದಿಗೂ ಒಳ್ಳೆಯ ಮದ್ದು.

ವಿಶ್ವವಿದ್ಯಾಲಯಗಳ ಕಸ ಇನ್ನೊಂದು ಜಾತಿಯದು. 1991ರಲ್ಲಿ ಹುಟ್ಟಿದ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಾಗಲಿ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸಂಡೂರಿನ ನಂದಿಹಳ್ಳಿ ಕೇಂದ್ರದಲ್ಲಾಗಲಿ, ದೇಶದ ಯಾವ ಕಾಲೇಜಿನಲ್ಲಾಗಲಿ, ವಿಳಾಸ ಹೊರಗೆ ಸಿಕ್ಕಿದ ಅಧ್ಯಾಪಕರನ್ನು ಹಣ ಪಡೆದು ಅಚ್ಚು ಹಾಕುವ ಪತ್ರಿಕೆಗಳು ಬಿಡುವುದಿಲ್ಲ. ವಚನಗಳ ಮೇಲೆ ಕೆಲಸ ಮಾಡುವವರಿಗೆ ಹೃದ್ರೋಗದ ಪತ್ರಿಕೆಯಿಂದ ಆಹ್ವಾನ: ಮಾನ್ಯ ಶ್ರೇಷ್ಠ ವಿದ್ವಾಂಸರೇ, ನಿಮ್ಮ ಅಮೂಲ್ಯ ಸಂಶೋಧನೆ ಓದಿ ಪುಳಕಿತರಾಗಿದ್ದೇವೆ, ನಾಲ್ಕು ದಿನದಲ್ಲಿ ಲೇಖನ ಕಳಿಸಿದರೆ ಈ ಸಂಚಿಕೆಯಲ್ಲೇ ಬರುತ್ತದೆ. ನಗು ಬರುತ್ತದೆ. ಆದರೆ 2010ರ ಯುಜಿಸಿ ನಿಯಮಗಳು ಬಡ್ತಿಗೆ ಪ್ರಕಟಣೆಯ ಅಂಕ ಕಡ್ಡಾಯ ಮಾಡಿದ ಮೇಲೆ ಈ ನಗೆಪಾಟಲಿನ ಮೇಲೇ ಹಲವರಿಗೆ ದಾರಿಯಾಯಿತು. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಸ್ಪ್ಯಾಮ್ ಬರೀ ಓದುವ ರೂಢಿಯನ್ನಲ್ಲ, ಒಂದು ಇಡೀ ವೃತ್ತಿಯ ಬರೆಯುವ ರೂಢಿಯನ್ನೂ ಕೆಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೇಲಿನಿಂದ ಮೆಸೇಜಿಗೆ

ಜನ ಇ-ಮೇಲ್ ಬಿಟ್ಟು ಎಸ್ಸೆಮ್ಮೆಸ್ಸಿಗೆ, ಅಲ್ಲಿಂದ ವಾಟ್ಸ್‌ಆ್ಯಪಿಗೆ ಹೋದಂತೆ ಕಸವೂ ಹಿಂದೆಯೇ ಹೋಯಿತು. ದೂರಸಂಪರ್ಕ ನಿಯಂತ್ರಕ ಟ್ರಾಯ್ 2007ರಲ್ಲಿ ಬೇಡದ ಕರೆಗಳ ನೋಂದಣಿ ಶುರುಮಾಡಿತು. 2011ರಲ್ಲಿ ಒಂದು ಸಿಮ್ಮಿನಿಂದ ದಿನಕ್ಕೆ 100 ಎಸ್ಸೆಮ್ಮೆಸ್, ಆಮೇಲೆ 200 ಎಂದು ಮಿತಿ ಹಾಕಿತು. 2018ರ ನಿಯಮಗಳಂತೆ ಕಂಪನಿಗಳು ತಮ್ಮ ಹೆಸರು, ಒಕ್ಕಣೆ ಎರಡನ್ನೂ ಮೊದಲೇ ನೋಂದಾಯಿಸಬೇಕು. 1909ಕ್ಕೆ ದೂರು ಕೊಡಬಹುದು. ಒಟ್ಟೊಟ್ಟಿಗೆ ಕಳಿಸುವ ಸಂದೇಶ ಏನು ಮಾಡಬಲ್ಲದೆಂದು ಕರ್ನಾಟಕ ಕಂಡದ್ದು 2012ರ ಆಗಸ್ಟಿನಲ್ಲಿ. ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತದೆ ಎಂಬ ಸುಳ್ಳು ಎಸ್ಸೆಮ್ಮೆಸ್ಸುಗಳು ಹರಡಿ, ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗುವಾಹಟಿಯ ಗಾಡಿಗಾಗಿ ಕಿಕ್ಕಿರಿದರು. ಕೇಂದ್ರ ಸರ್ಕಾರ ಆಗಸ್ಟ್ 17ರಂದು ದೇಶದಾದ್ಯಂತ 15 ದಿನ ಬಲ್ಕ್ ಎಸ್ಸೆಮ್ಮೆಸ್ ನಿಷೇಧಿಸಿ, ಒಮ್ಮೆಗೆ ಐದಕ್ಕಿಂತ ಹೆಚ್ಚು ಕಳಿಸದಂತೆ ಕಟ್ಟು ಮಾಡಿತು.

ಈಗ ಹಳ್ಳಿಗಳಲ್ಲಿ ಓಡಾಡುವುದು ಎಪಿಕೆ ಫೈಲುಗಳು, ಅಂದರೆ ಫೋನಿನಲ್ಲಿ ಆ್ಯಪ್ ಕೂರಿಸುವ ಫೈಲುಗಳು. ಪಿಎಂ ಕಿಸಾನ್ ಪಟ್ಟಿ, ಮದುವೆಯ ಕರೆಯೋಲೆ, ಬ್ಯಾಂಕಿನ ಕೆವೈಸಿ ಎಂಬ ಹೆಸರು ಹೊತ್ತು ವಾಟ್ಸ್‌ಆ್ಯಪಿನಲ್ಲಿ ಬರುತ್ತವೆ. ಒತ್ತಿದರೆ ಫೋನಿನ ಮೆಸೇಜುಗಳೆಲ್ಲ ಕಳ್ಳನ ಕೈಗೆ ಹೋಗುತ್ತವೆ, ಬ್ಯಾಂಕಿನ ಓಟಿಪಿ ಸೇರಿ. ಸೋಲಾರ್ ಪಂಪಿನ ಕುಸುಮ್ ಯೋಜನೆಯ ಹೆಸರಿನ ನಕಲಿ ತಾಣಗಳ ಬಗ್ಗೆ ಕೇಂದ್ರದ ಹೊಸ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ. ಇ-ಮೇಲ್ ಆಗಿದ್ದರೆ ನಡುವೆ ಸ್ಪ್ಯಾಮ್ ಸೋಸುವ ಒಂದು ಜರಡಿಯಾದರೂ ಇರುತ್ತಿತ್ತು. ವಾಟ್ಸ್‌ಆ್ಯಪಿನಲ್ಲಿ ಫೈಲು ಕಳಿಸುವುದು ಪರಿಚಿತರ ನಂಬರೇ, ಅವರ ಫೋನೂ ಕೆಟ್ಟಿರುವುದರಿಂದ. ಮಾವನ ನಂಬರಿನಿಂದ ಬಂದದ್ದನ್ನು ಯಾರು ಅನುಮಾನಿಸುತ್ತಾರೆ?

ತಡೆ, ಕಾನೂನು, ದೂರು

ಜರಡಿಯ ವಿದ್ಯೆ 2002ರಲ್ಲಿ ಒಂದು ತಿರುವು ಪಡೆಯಿತು. ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್, ಸ್ಪ್ಯಾಮಿನ ಲಕ್ಷಣಗಳನ್ನು ಕೈಯಿಂದ ಪಟ್ಟಿ ಮಾಡುವ ಬದಲು, ಹಳೆಯ ಮೇಲ್‌ಗಳಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂಬ ಲೆಕ್ಕದಿಂದ ಹೊಸ ಮೇಲಿನ ಸಂಭಾವ್ಯತೆ ಅಳೆಯುವ ಕ್ರಮವನ್ನು ಜನಪ್ರಿಯಗೊಳಿಸಿದರು. ಹದಿನೆಂಟನೆಯ ಶತಮಾನದ ಥಾಮಸ್ ಬೇಸ್ ಅವರ ಗಣಿತ ಇದರ ಬೇರು. ಬಳಕೆದಾರರು ಸ್ಪ್ಯಾಮ್ ಗುಂಡಿ ಒತ್ತಿದಷ್ಟೂ ಜರಡಿ ಕಲಿಯುತ್ತದೆ. ತಾನು ದಿನಕ್ಕೆ ಸುಮಾರು 1,500 ಕೋಟಿ ಬೇಡದ ಮೇಲ್ ತಡೆಯುವುದಾಗಿ ಗೂಗಲ್ ಹೇಳಿಕೊಳ್ಳುತ್ತದೆ. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ದೊಡ್ಡ ಕಳಿಸುವವರಿಗೆ ಗುರುತು ಪರೀಕ್ಷೆಯನ್ನೂ ಒಂದೇ ಒತ್ತಿಗೆ ಹೆಸರು ತೆಗೆಸುವ ಸೌಲಭ್ಯವನ್ನೂ ಕಡ್ಡಾಯ ಮಾಡಿವೆ. ಜಿಮೇಲಿನಲ್ಲಿ ದಿನಕ್ಕೆ 5,000 ದಾಟಿದವರು ದೊಡ್ಡವರು. ದೂರುಗಳು ಶೇ. 0.3 ದಾಟಬಾರದು. ಯಾವ ಸರ್ಕಾರದ ಕಾಯಿದೆಗಿಂತಲೂ ಈ ಎರಡು ಕಂಪನಿಗಳ ನಿಯಮ ಹೆಚ್ಚು ನಡೆಯುತ್ತದೆ ಎನ್ನುವುದು ಮೆಚ್ಚಬೇಕಾದ ಸಂಗತಿಯೋ ಅಂಜಬೇಕಾದದ್ದೋ ಹೇಳುವುದು ಕಷ್ಟ.

ಅಮೆರಿಕಕ್ಕೆ 2003ರ ಕ್ಯಾನ್-ಸ್ಪ್ಯಾಮ್ ಕಾಯಿದೆ ಇದೆ. ಯುರೋಪಿನಲ್ಲಿ ಮೊದಲು ಒಪ್ಪಿಗೆ ಪಡೆದೇ ಕಳಿಸಬೇಕು. ಭಾರತದಲ್ಲಿ ಇ-ಮೇಲ್ ಸ್ಪ್ಯಾಮಿಗೆಂದೇ ಒಂದು ಕಾಯಿದೆ ಇಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿ ಸೇರಿಸಿದ 66ಎ ಕಲಮಿನ ಒಂದು ಭಾಗ ಕಿರಿಕಿರಿ ಮಾಡುವ, ಮೂಲ ಮರೆಸುವ ಇ-ಮೇಲನ್ನು ಅಪರಾಧವೆಂದಿತ್ತು. ಆದರೆ ಆ ಕಲಮನ್ನು ಪೊಲೀಸರು ಬಳಸಿದ್ದು ಹೆಚ್ಚಾಗಿ ಫೇಸ್‌ಬುಕ್ಕಿನಲ್ಲಿ ಬರೆದವರ ಮೇಲೆ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸರಿಯಾದ ತೀರ್ಪೇ. ಅದರ ಜೊತೆಗೆ ಸ್ಪ್ಯಾಮಿನ ಮೇಲಿದ್ದ ಒಂದೇ ಒಂದು ಹಿಡಿತವೂ ಹೋಯಿತು. ವೇಷ ಹಾಕಿ ವಂಚಿಸಿದರೆ 66ಡಿ ಇದೆ, ಮೂರು ವರ್ಷದವರೆಗೆ ಜೈಲು. ವಂಚಿಸದೆ ಬರೀ ಪೀಡಿಸುವವನಿಗೆ ಏನೂ ಇಲ್ಲ.

ಒಟ್ಟಿಗೆ ಕಳಿಸುವ ಮೇಲ್ ಜಾಹೀರಾತೇ ಆಗಬೇಕಿಲ್ಲ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇಟ್ಟಿದ್ದೇವೆಂದು ಒಟ್ಟಿಗೆ ಮೇಲ್ ಬಂತು. ಮಕ್ಕಳನ್ನು ಹೊರಗೆ ಕಳಿಸಿ, ಪೋಷಕರು ಓಡಿ ಬಂದು, ಸಂಜೆಯ ಹೊತ್ತಿಗೆ ಎಲ್ಲ ಸುಳ್ಳೆಂದು ತಿಳಿಯಿತು. 2022ರ ಏಪ್ರಿಲಿನಲ್ಲೂ ಹೀಗೇ ಆಗಿತ್ತು. ಇಂಥ ಮೇಲ್ ಜರಡಿಯಲ್ಲಿ ಸಿಕ್ಕಿಬಿದ್ದರೂ ಕಷ್ಟ, ದಾಟಿ ಬಂದರೂ ಕಷ್ಟ. ಶಾಲೆಯೊಂದು ಅದನ್ನು ಕಸವೆಂದು ಅಳಿಸುವಂತಿಲ್ಲ.

ದೂರಿನ ದಾರಿ ಹೀಗಿದೆ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು; ಈಗ ಜಿಲ್ಲೆಗೊಂದು ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಇದೆ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿದರೆ ಹಣ ದಾಟುವ ಮೊದಲೇ ಖಾತೆ ತಡೆಯುವ ಅವಕಾಶ ಉಂಟು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ, ಹಂಪಿ ಅತ್ತ ಹೋದವು, ಕಂಪ್ಲಿ ಮತ್ತು ಸಂಡೂರು ಬಳ್ಳಾರಿಯಲ್ಲೇ ಉಳಿದವು. ಹಾಗಾಗಿ ಕಂಪ್ಲಿಯವರಿಗೆ ಸಂತೆ, ಆಸ್ಪತ್ರೆ, ರೈಲಿಗೆಲ್ಲ ಹೊಸಪೇಟೆ ಹತ್ತಿರವಾದರೂ ತಮ್ಮ ಜಿಲ್ಲೆಯ ಸೈಬರ್ ಠಾಣೆ ದೂರದ ಬಳ್ಳಾರಿಯದು. ಐಟಿ ಕಾಯಿದೆಯ ಪ್ರಕರಣಗಳನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ ತನಿಖೆ ಮಾಡಬೇಕು. ಬರೀ ಸ್ಪ್ಯಾಮ್ ಬಂತೆಂದು ಅಷ್ಟು ದೂರ ಬಸ್ಸು ಹತ್ತುವವರು ಯಾರೂ ಇಲ್ಲ.

ಕನ್ನಡ ಮತ್ತು ಸ್ಪ್ಯಾಮ್

ಯೂನಿಕೋಡ್ ರೂಢಿಯಾಗುವ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪಿಸಿದ ಕನ್ನಡ ಮೇಲ್, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಪ್ಪೆಯಾಗಿ ಕಾಣುತ್ತಿತ್ತು. ಸಾಹಿತ್ಯ ಸಮ್ಮೇಳನದ ಆಹ್ವಾನವೂ ಸ್ಪ್ಯಾಮಿನಂತೆಯೇ ಕಂಡು ಅಳಿಸಿಹೋಗಲು ಅಷ್ಟು ಸಾಕಿತ್ತು. ಆಗ ಸ್ಪ್ಯಾಮ್ ಎಂದರೆ ಇಂಗ್ಲಿಷಿನದೇ, ಅದೂ ಕೆಟ್ಟ ಇಂಗ್ಲಿಷ್. ಇಂಗ್ಲಿಷ್ ಓದದವರಿಗೆ ಆ ಅಜ್ಞಾನವೇ ಕಾವಲಾಗಿತ್ತು. ಮೇಲಿನಲ್ಲಿ ಆಸೆ ತೋರಿಸುತ್ತಿದ್ದ ನೈಜೀರಿಯಾದ ರಾಜಕುಮಾರನ ಕೋಟಿಗಳು ಕಂಪ್ಲಿಯಲ್ಲಿ ಹೆಚ್ಚು ಗಿರಾಕಿ ಕಾಣಲಿಲ್ಲ.

ಆ ಕಾವಲು ಈಗ ಉಳಿದಿಲ್ಲ. ಯಂತ್ರಾನುವಾದ ಮೊದಲು ತಂದದ್ದು ನಗೆ ಬರಿಸುವ ಕನ್ನಡ, ಓದಿದ ಕೂಡಲೇ ಅನುಮಾನ ಹುಟ್ಟುತ್ತಿತ್ತು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ತಪ್ಪಿಲ್ಲದ ಕನ್ನಡದಲ್ಲಿ, ಕಚೇರಿಯ ಧಾಟಿಯಲ್ಲಿ, "ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ" ಎಂದು ಶುರುವಾಗುವ ನೋಟಿಸನ್ನು ಯಾವ ದೇಶದಲ್ಲಿ ಕೂತವನೂ ಬರೆಸಬಹುದು. ಕನ್ನಡದಲ್ಲಿ ಬಂದ ಕಾಗದವನ್ನು ಸರ್ಕಾರದ್ದೇ ಎಂದು ನಂಬುವ ರೂಢಿ ನಮ್ಮದು. ಇಂಗ್ಲಿಷ್ ಸ್ಪ್ಯಾಮಿನ ರಾಶಿಯಿಂದ ಕಲಿತಷ್ಟು ಪಾಠ ಜರಡಿಗಳಿಗೆ ಕನ್ನಡದಲ್ಲಿ ಸಿಕ್ಕಿಲ್ಲ, ಏಕೆಂದರೆ ಕನ್ನಡದ ಸ್ಪ್ಯಾಮನ್ನು ಸ್ಪ್ಯಾಮ್ ಎಂದು ಗುರುತು ಹಾಕಿ ಕೊಡಬೇಕಾದವರು ಆ ಪೆಟ್ಟಿಗೆಯನ್ನು ತೆರೆಯುವುದೇ ಇಲ್ಲ.